ಅಲನ್ ಟ್ಯೂರಿಂಗ್ ಮತ್ತು ನಾನು ಕಲಿತ ಕ್ಲೌಡ್

 

ಈ ಸಂಚಿಕೆಗೆ ಒಬ್ಬ ದೊಡ್ಡ ವ್ಯಕ್ತಿಯ ಜೀವನವನ್ನು ಬರೆದು ಕೊಡಬೇಕು ಎಂದು ಕನ್ನಡ ಮೇಡಂ ಹೇಳಿದಾಗ ನನಗೆ ಹೆಚ್ಚು ಯೋಚಿಸಬೇಕಾಗಲಿಲ್ಲ. ಈ ರಜೆಯಲ್ಲಿ ನಾನು ಕ್ಲೌಡ್ ಕಂಪ್ಯೂಟಿಂಗ್‌ನ ಮೊದಲ ಪಾಠಗಳನ್ನು ಕಲಿಯಲು ಶುರು ಮಾಡಿದ್ದೆ. ಒಂದೊಂದು ಪಾಠದ ಬೇರು ಹುಡುಕುತ್ತಾ ಹೋದರೆ ಮತ್ತೆ ಮತ್ತೆ ಒಬ್ಬರದೇ ಹೆಸರು ಸಿಗುತ್ತಿತ್ತು. ಅವರೇ ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್. ಅವರು ತೀರಿಕೊಂಡಿದ್ದು 1954ರಲ್ಲಿ. ಅಮೆಜಾನ್ ಕಂಪನಿ ತನ್ನ ಕಂಪ್ಯೂಟರುಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಶುರು ಮಾಡಿದ್ದು 2006ರಲ್ಲಿ. ನಡುವೆ 52 ವರ್ಷ. ಕ್ಲೌಡ್ ಎಂಬ ಮಾತನ್ನು ಅವರು ಈ ಅರ್ಥದಲ್ಲಿ ಕೇಳಿಯೇ ಇರಲಿಲ್ಲ. ಆದರೂ ಅದರ ಮೂಲದಲ್ಲಿರುವ ಎರಡು ವಿಚಾರಗಳು ಅವರ ಬರಹದಲ್ಲೂ ಭಾಷಣದಲ್ಲೂ ಇವೆ.

ನಾನು ಎಚ್‌ಇಬಿಎ ವಿದ್ಯಾರ್ಥಿನಿ. ಕಂಪ್ಯೂಟರ್ ಸೈನ್ಸ್ ನನ್ನ ವಿಷಯವಲ್ಲ. ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲ, ಇರುವುದು ಅಬ್ಬಾ ಅವರ ಒಂದು ಫೋನು. ಆದ್ದರಿಂದ ಇದನ್ನು ನಾನು ಲೆಡ್ಜರ್, ಜರ್ನಲ್, ಸವಕಳಿ ಗೊತ್ತಿರುವವಳ ಹಾಗೆ ಬರೆಯುತ್ತೇನೆ. ನನ್ನ ಹಾಗೆಯೇ ಹೊಸದಾಗಿ ಕಲಿಯುವವರಿಗೆ ಇದು ಉಪಯೋಗವಾದರೆ ಸಂತೋಷ.

ಬಳ್ಳಾರಿಯ ನಂಟು

ಟ್ಯೂರಿಂಗ್ ಅವರ ತಂದೆ ಜೂಲಿಯಸ್ ಟ್ಯೂರಿಂಗ್ ಇಂಡಿಯನ್ ಸಿವಿಲ್ ಸರ್ವಿಸ್ ಅಧಿಕಾರಿ. ಮದ್ರಾಸ್ ಪ್ರಾಂತ್ಯದಲ್ಲಿ ಕೆಲಸ ಮಾಡಿದರು. ಆರಂಭದ ವರ್ಷಗಳಲ್ಲಿ ಅವರ ಸೇವೆ ಬಳ್ಳಾರಿ, ಕರ್ನೂಲು, ವಿಶಾಖಪಟ್ಟಣ ಜಿಲ್ಲೆಗಳಲ್ಲಿತ್ತು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ತಾಯಿ ಎಥೆಲ್ ಸಾರಾ ಅವರ ತಂದೆ ಎಡ್ವರ್ಡ್ ಸ್ಟೋನಿ ಮದ್ರಾಸ್ ರೈಲ್ವೆಯ ದೊಡ್ಡ ಎಂಜಿನಿಯರ್. ತುಂಗಭದ್ರಾ ನದಿಗೆ ರೈಲು ಸೇತುವೆ ಕಟ್ಟಿಸಿದವರು. ಸದ್ದು ಮಾಡದೆ ತಿರುಗುವ ಪಂಖಾದ ಚಕ್ರವನ್ನೂ ಅವರು ಕಂಡುಹಿಡಿದಿದ್ದರು. ಕಂಪ್ಯೂಟರಿನ ಚರಿತ್ರೆಯಲ್ಲಿ ನಮ್ಮ ತುಂಗಭದ್ರೆಯ ಹೆಸರು ಸಿಕ್ಕಾಗ ನನಗೆ ಎಷ್ಟು ಖುಷಿಯಾಯಿತು ಎಂದು ಹೇಳಲಾರೆ.

ಅಲನ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ತಂದೆ ತಾಯಿ ಮತ್ತೆ ಇಂಡಿಯಾಕ್ಕೆ ಹೊರಟಾಗ ಮಗುವನ್ನೂ ಅಣ್ಣ ಜಾನ್‌ನನ್ನೂ ಇಂಗ್ಲೆಂಡಿನಲ್ಲೇ ಬಿಟ್ಟರು. ಸಮುದ್ರದ ದಡದ ಒಂದು ಊರಿನಲ್ಲಿ ನಿವೃತ್ತ ಕರ್ನಲ್ ಒಬ್ಬರ ಮನೆಯಲ್ಲಿ ಇಬ್ಬರೂ ಬೆಳೆದರು. ಇಂಡಿಯಾದ ಬಿಸಿಲು ಮಕ್ಕಳಿಗೆ ಆಗುವುದಿಲ್ಲ ಎಂದು ಆಗಿನ ಅಧಿಕಾರಿಗಳು ಹೀಗೆ ಮಾಡುತ್ತಿದ್ದರು. ಗಲ್ಫ್‌ನಲ್ಲಿ ದುಡಿಯುವ ಅಪ್ಪಂದಿರ ಮಕ್ಕಳು ನಮ್ಮ ತರಗತಿಯಲ್ಲೂ ಇದ್ದಾರೆ. ವರ್ಷಕ್ಕೊಮ್ಮೆ ಬರುವ ಅಪ್ಪನಿಗಾಗಿ ಕಾಯುವುದು ಎಂದರೆ ಏನು ಎಂದು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಆ ಮಗು ಸುಮಾರು ಮೂರು ವಾರದಲ್ಲಿ ತಾನೇ ಓದಲು ಕಲಿಯಿತಂತೆ. ಅಕ್ಷರಕ್ಕಿಂತ ಮೊದಲು ಹಿಡಿಸಿದ್ದು ಅಂಕಿಗಳು. ಬೀದಿಯ ದೀಪದ ಕಂಬ ಕಂಡರೂ ಅದರ ಮೇಲಿನ ನಂಬರು ನೋಡದೆ ಮುಂದೆ ಹೋಗುತ್ತಿರಲಿಲ್ಲ.

ಶಾಲೆಗೆ ಸೈಕಲ್ ಮೇಲೆ

1926ರಲ್ಲಿ ಅಲನ್ ಶೆರ್ಬೋರ್ನ್ ಎಂಬ ಬೋರ್ಡಿಂಗ್ ಶಾಲೆಗೆ ಸೇರಬೇಕಿತ್ತು. ಫ್ರಾನ್ಸಿನಿಂದ ಹಡಗಿನಲ್ಲಿ ಸೌತಾಂಪ್ಟನ್ ಬಂದರಿಗೆ ಬಂದಿಳಿದರೆ ದೇಶದಲ್ಲೆಲ್ಲಾ ಮುಷ್ಕರ. ರೈಲು ಇಲ್ಲ, ಬಸ್ಸು ಇಲ್ಲ. ಹುಡುಗನಿಗೆ ಆಗ 13 ವರ್ಷ. ಸೈಕಲ್ ಹತ್ತಿ ಒಬ್ಬನೇ ಹೊರಟ. ಸುಮಾರು 60 ಮೈಲಿ ದಾರಿ, ಅಂದರೆ 100 ಕಿಲೋಮೀಟರಿಗೆ ಹತ್ತಿರ. ನಡುವೆ ಒಂದು ರಾತ್ರಿ ಹೋಟೆಲಿನಲ್ಲಿ ಉಳಿದು ಮರುದಿನ ಶಾಲೆ ಮುಟ್ಟಿದ. ಆ ಸುದ್ದಿ ಪತ್ರಿಕೆಯಲ್ಲೂ ಬಂತು.

ಅಷ್ಟು ಉತ್ಸಾಹದಿಂದ ಹೋದ ಹುಡುಗನಿಗೆ ಶಾಲೆಯಲ್ಲಿ ಹೊಗಳಿಕೆ ಸಿಗಲಿಲ್ಲ. ಅಕ್ಷರ ಕೆಟ್ಟದು, ಪುಸ್ತಕದ ತುಂಬ ಶಾಯಿಯ ಕಲೆ. ಇಂಗ್ಲಿಷ್, ಲ್ಯಾಟಿನ್ ವಿಷಯಗಳಲ್ಲಿ ತರಗತಿಯ ಕೊನೆಯ ಸಾಲು. ಗಣಿತದಲ್ಲಿ ಮಾತ್ರ ಮೇಷ್ಟರು ಹೇಳಿಕೊಡದ್ದನ್ನೂ ತನ್ನದೇ ದಾರಿಯಲ್ಲಿ ಮಾಡುತ್ತಿದ್ದ. ಹದಿನಾರರ ಹೊತ್ತಿಗೆ ಐನ್‌ಸ್ಟೈನ್ ಅವರ ಸಾಪೇಕ್ಷತೆಯನ್ನು ಓದಿ ತಾಯಿಗಾಗಿ ಟಿಪ್ಪಣಿ ಬರೆದಿದ್ದ.

ಅಲ್ಲಿ ಅವನಿಗೆ ಒಬ್ಬ ಗೆಳೆಯ ಸಿಕ್ಕ. ಹೆಸರು ಕ್ರಿಸ್ಟೋಫರ್ ಮಾರ್ಕಮ್. ಒಂದು ತರಗತಿ ಮುಂದೆ ಇದ್ದವನು. ವಿಜ್ಞಾನದ ಬಗ್ಗೆ ಸಮವಾಗಿ ಕುಳಿತು ಮಾತಾಡಬಲ್ಲ ಮೊದಲ ಗೆಳೆಯ. 1930ರ ಫೆಬ್ರವರಿಯಲ್ಲಿ ಕ್ಷಯದಿಂದ ಕ್ರಿಸ್ಟೋಫರ್ ಇದ್ದಕ್ಕಿದ್ದಂತೆ ತೀರಿಕೊಂಡ. ಅಲನ್‌ಗೆ ಆಗ 17 ವರ್ಷ, ಈಗ ನನಗಿರುವ ವಯಸ್ಸು. ಗೆಳೆಯ ಮಾಡಬೇಕಿದ್ದ ಕೆಲಸವನ್ನು ತಾನು ಮಾಡಿ ಮುಗಿಸಬೇಕು ಎಂಬ ಹಟ ಅವನಲ್ಲಿ ಆಗ ಹುಟ್ಟಿತು. ಮನುಷ್ಯನ ಮನಸ್ಸು ಎಂದರೇನು, ಅದು ದೇಹದ ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆ ಅಲ್ಲಿಂದಲೇ ಅವನ ಬೆನ್ನು ಹತ್ತಿತು.

ಕಾಗದದ ಮೇಲಿನ ಯಂತ್ರ

1931ರಲ್ಲಿ ಟ್ಯೂರಿಂಗ್ ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜಿಗೆ ಸೇರಿದರು. 22ನೇ ವಯಸ್ಸಿಗೇ ಅಲ್ಲಿ ಫೆಲೋ ಆದರು. ಆಗ ಗಣಿತದಲ್ಲಿ ಒಂದು ದೊಡ್ಡ ಪ್ರಶ್ನೆ ಇತ್ತು. ಗಣಿತದ ಯಾವುದೇ ಹೇಳಿಕೆ ಕೊಟ್ಟರೂ ಅದನ್ನು ಸಾಧಿಸಬಹುದೋ ಇಲ್ಲವೋ ಎಂದು ನಿಯಮದ ಪ್ರಕಾರ, ಹೆಜ್ಜೆ ಹೆಜ್ಜೆಯಾಗಿ ಹೇಳುವ ವಿಧಾನ ಇದೆಯೇ ಎಂಬುದು ಆ ಪ್ರಶ್ನೆ. ಹೆಜ್ಜೆ ಹೆಜ್ಜೆಯ ವಿಧಾನಕ್ಕೆ ಅಲ್ಗಾರಿದಮ್ ಎನ್ನುತ್ತಾರೆ. ಈ ಪದ ಬಂದಿದ್ದು ಒಂಬತ್ತನೇ ಶತಮಾನದಲ್ಲಿ ಬಾಗ್ದಾದ್‌ನ ಬೈತುಲ್ ಹಿಕ್ಮಾದಲ್ಲಿ ಕೆಲಸ ಮಾಡಿದ ಅಲ್ ಖ್ವಾರಿಜ್ಮಿ ಅವರ ಹೆಸರಿನಿಂದ. ಪದ ಬಹಳ ಹಳೆಯದು. ಆದರೆ ಹೆಜ್ಜೆ ಹೆಜ್ಜೆಯ ವಿಧಾನ ಎಂದರೆ ಸರಿಯಾಗಿ ಏನು ಎಂದು ಯಂತ್ರದ ರೂಪದಲ್ಲಿ ಬಿಡಿಸಿ ತೋರಿಸಿದವರು ಟ್ಯೂರಿಂಗ್.

ಅವರು ಯೋಚಿಸಿದ ರೀತಿ ಕಾಮರ್ಸ್‌ನವರಿಗೆ ಸುಲಭವಾಗಿ ತಿಳಿಯುತ್ತದೆ. ಆಗಿನ ಕಾಲದಲ್ಲಿ ಕಂಪ್ಯೂಟರ್ ಎಂದರೆ ಯಂತ್ರವಲ್ಲ, ಕಾಗದದ ಮೇಲೆ ಲೆಕ್ಕ ಮಾಡುವ ಮನುಷ್ಯ. ಒಬ್ಬ ಗುಮಾಸ್ತ ಚೌಕದ ಪುಸ್ತಕದಲ್ಲಿ ಲೆಕ್ಕ ಮಾಡುತ್ತಿದ್ದಾನೆ ಎಂದುಕೊಳ್ಳಿ. ಒಂದು ಚೌಕ ನೋಡುತ್ತಾನೆ. ಅದರಲ್ಲಿರುವ ಗುರುತು ಮತ್ತು ತನ್ನ ತಲೆಯಲ್ಲಿರುವ ನಿಯಮ, ಇವೆರಡರ ಪ್ರಕಾರ ಆ ಚೌಕದಲ್ಲಿ ಏನೋ ಬರೆಯುತ್ತಾನೆ ಅಥವಾ ಅಳಿಸುತ್ತಾನೆ. ಆಮೇಲೆ ಎಡಕ್ಕೋ ಬಲಕ್ಕೋ ಒಂದು ಚೌಕ ಸರಿಯುತ್ತಾನೆ. ಎಷ್ಟೇ ದೊಡ್ಡ ಲೆಕ್ಕವಾದರೂ ಒಡೆದು ನೋಡಿದರೆ ಇಷ್ಟೇ. ಹಾಗಾದರೆ ಈ ಕೆಲಸಕ್ಕೆ ಮನುಷ್ಯನೇ ಬೇಕೆಂದಿಲ್ಲ. ಉದ್ದನೆಯ ಕಾಗದದ ಪಟ್ಟಿ, ಅದರ ಮೇಲೆ ಓದುವ ಬರೆಯುವ ಒಂದು ತಲೆ, ಒಂದು ನಿಯಮದ ಪಟ್ಟಿ ಸಾಕು.

ಇದರಿಂದ ಅವರು ಆ ದೊಡ್ಡ ಪ್ರಶ್ನೆಗೆ ಅಂಥ ವಿಧಾನ ಇರಲು ಸಾಧ್ಯವಿಲ್ಲ ಎಂಬ ಉತ್ತರ ಕೊಟ್ಟರು. ಅಮೆರಿಕದ ಅಲಾಂಜೊ ಚರ್ಚ್ ಕೂಡ ಬೇರೆ ದಾರಿಯಲ್ಲಿ ಅದೇ ಉತ್ತರಕ್ಕೆ ಬಂದಿದ್ದರು. ಆದರೆ ಟ್ಯೂರಿಂಗ್ ಅವರ 1936ರ ಆ ಲೇಖನದ ಮಧ್ಯದಲ್ಲಿ ಇನ್ನೊಂದು ಮಾತಿದೆ. ಒಂದು ಯಂತ್ರದ ನಿಯಮದ ಪಟ್ಟಿಯನ್ನೇ ಅಂಕಿಗಳಾಗಿ ಬರೆದು ಇನ್ನೊಂದು ಯಂತ್ರದ ಕಾಗದದ ಮೇಲೆ ಇಟ್ಟರೆ, ಆ ಎರಡನೆಯ ಯಂತ್ರ ಮೊದಲನೆಯದರ ಹಾಗೆಯೇ ಕೆಲಸ ಮಾಡಬಲ್ಲದು. ಅಂದರೆ ಕೂಡುವುದಕ್ಕೆ ಒಂದು, ಗುಣಿಸುವುದಕ್ಕೆ ಒಂದು ಎಂದು ಬೇರೆ ಬೇರೆ ಯಂತ್ರ ಬೇಡ. ಒಂದೇ ಯಂತ್ರ ಎಲ್ಲಾ ಯಂತ್ರಗಳ ವೇಷ ಹಾಕುತ್ತದೆ. ಇದಕ್ಕೆ ಸಾರ್ವತ್ರಿಕ ಯಂತ್ರ ಎಂದು ಹೆಸರು. ಆಗ ಅವರಿಗೆ ಇನ್ನೂ 24 ತುಂಬಿರಲಿಲ್ಲ.

ಕ್ಲೌಡ್‌ನ ಪಾಠದಲ್ಲಿ ಮೊದಲು ಬರುವ ಕಷ್ಟದ ಪದ ವರ್ಚುವಲ್ ಮಷೀನ್. ಡೇಟಾ ಸೆಂಟರ್ ಎಂಬ ದೊಡ್ಡ ಕಟ್ಟಡದಲ್ಲಿ ಸಾಲು ಸಾಲಾಗಿ ಕಂಪ್ಯೂಟರುಗಳಿರುತ್ತವೆ. ಅವಕ್ಕೆ ಸರ್ವರ್ ಎನ್ನುತ್ತಾರೆ. ಒಂದು ಸರ್ವರ್ ಒಳಗೆ ಹೈಪರ್‌ವೈಸರ್ ಎಂಬ ತಂತ್ರಾಂಶ ಕೂತು, ಆ ಒಂದೇ ಕಂಪ್ಯೂಟರನ್ನು ಹತ್ತಾರು ಬೇರೆ ಬೇರೆ ಕಂಪ್ಯೂಟರುಗಳಂತೆ ನಡೆಸುತ್ತದೆ. ಒಂದರಲ್ಲಿ ಕಾಲೇಜಿನ ವೆಬ್‌ಸೈಟ್, ಇನ್ನೊಂದರಲ್ಲಿ ಅಂಗಡಿಯ ಬಿಲ್ಲು. ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ. ಒಂದೇ ಕಟ್ಟಡದಲ್ಲಿ ಹತ್ತು ಬಾಡಿಗೆ ಮನೆಗಳಿದ್ದ ಹಾಗೆ, ಪ್ರತಿ ಮನೆಗೂ ಬೇರೆ ಬೀಗ, ಬೇರೆ ಮೀಟರ್. ಒಂದು ಯಂತ್ರ ಇನ್ನೊಂದರ ವೇಷ ಹಾಕಬಹುದು ಎಂಬುದನ್ನು ಟ್ಯೂರಿಂಗ್ ಗಣಿತದಲ್ಲಿ ಸಾಧಿಸದೇ ಇದ್ದಿದ್ದರೆ ಈ ಬಾಡಿಗೆ ವ್ಯವಹಾರಕ್ಕೆ ತಳಪಾಯವೇ ಇರುತ್ತಿರಲಿಲ್ಲ.

ಯುದ್ಧ ಮತ್ತು ಗುಟ್ಟು

ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಿಎಚ್‌ಡಿ ಮುಗಿಸಿ 1938ರಲ್ಲಿ ಟ್ಯೂರಿಂಗ್ ಊರಿಗೆ ಮರಳಿದರು. 1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಮರುದಿನವೇ ಅವರು ಬ್ಲೆಚ್ಲಿ ಪಾರ್ಕ್ ಎಂಬ ಬಂಗಲೆಗೆ ಹಾಜರಾದರು. ಶತ್ರುವಿನ ಗುಪ್ತ ಸಂದೇಶ ಬಿಡಿಸುವ ಕಚೇರಿ ಅಲ್ಲಿತ್ತು.

ಜರ್ಮನ್ ಸೈನ್ಯ ಎನಿಗ್ಮಾ ಎಂಬ ಯಂತ್ರದಿಂದ ಸಂದೇಶಗಳನ್ನು ಗೂಢಲಿಪಿಗೆ ಬದಲಿಸುತ್ತಿತ್ತು. ಅದನ್ನು ಹೊಂದಿಸುವ ವಿಧಗಳು 159ರ ಮುಂದೆ 18 ಸೊನ್ನೆ ಹಾಕಿದಷ್ಟು. ದಿನವೂ ಹೊಂದಿಕೆ ಬದಲಾಗುತ್ತಿತ್ತು. ಪೋಲೆಂಡಿನ ಮೂವರು ಗಣಿತಜ್ಞರು, ರೆಯೆವ್ಸ್ಕಿ, ರೂಜಿಟ್ಸ್ಕಿ ಮತ್ತು ಜಿಗಾಲ್ಸ್ಕಿ, ಇದರ ಗುಟ್ಟನ್ನು ಬಹಳ ಮೊದಲೇ ಹಿಡಿದಿದ್ದರು. ಯುದ್ಧಕ್ಕೆ ಸ್ವಲ್ಪ ಮೊದಲು, 1939ರ ಜುಲೈನಲ್ಲಿ, ಪೋಲೆಂಡಿನವರು ತಮಗೆ ಗೊತ್ತಿದ್ದದ್ದನ್ನೆಲ್ಲಾ ಬ್ರಿಟನ್ ಮತ್ತು ಫ್ರಾನ್ಸಿಗೆ ಕೊಟ್ಟರು. ಸಿನಿಮಾಗಳಲ್ಲಿ ಈ ಮೂವರ ಹೆಸರು ಹೆಚ್ಚು ಬರುವುದಿಲ್ಲ, ಆದ್ದರಿಂದ ಇಲ್ಲಿ ಬರೆದಿದ್ದೇನೆ.

ಅವರ ಕೆಲಸದ ಮೇಲೆ ಟ್ಯೂರಿಂಗ್ ಹೊಸದಾಗಿ ಬಾಂಬ್ ಎಂಬ ಹೆಸರಿನ ಯಂತ್ರ ರೂಪಿಸಿದರು. ಹೆಸರು ಮಾತ್ರ ಬಾಂಬ್, ಕೆಲಸ ಹುಡುಕುವುದು. ಮೊದಲ ಯಂತ್ರ 1940ರ ಮಾರ್ಚಿನಲ್ಲಿ ಬಂತು. ಗಾರ್ಡನ್ ವೆಲ್ಚ್‌ಮನ್ ಅದನ್ನು ಇನ್ನಷ್ಟು ಚುರುಕು ಮಾಡಿದರು. ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟನ್ನಿನಲ್ಲಿ ಸುಮಾರು 200 ಬಾಂಬ್ ಯಂತ್ರಗಳಿದ್ದವು. ಅವುಗಳನ್ನು ಹಗಲು ರಾತ್ರಿ ನಡೆಸಿದವರು ಹೆಚ್ಚಾಗಿ ನೌಕಾಪಡೆಯ ಹೆಣ್ಣುಮಕ್ಕಳು. ಟ್ಯೂರಿಂಗ್ ಅವರ ಹಟ್ 8 ತಂಡದಲ್ಲಿ ಜೋನ್ ಕ್ಲಾರ್ಕ್ ಎಂಬ ಗಣಿತಜ್ಞೆಯೂ ಇದ್ದರು. ಆ ತಂಡದ ಕೆಲಸ ಜರ್ಮನ್ ಜಲಾಂತರ್ಗಾಮಿಗಳ ಸಂದೇಶ ಓದುವುದು. ಬ್ರಿಟನ್ನಿಗೆ ಊಟದ ಸಾಮಾನು ಬರುತ್ತಿದ್ದುದು ಅಟ್ಲಾಂಟಿಕ್ ಸಮುದ್ರದ ಮೇಲೆ. ಹಡಗು ಮುಳುಗಿದರೆ ದೇಶ ಉಪವಾಸ. 1941ರ ಮಧ್ಯದಿಂದ ಆ ಸಂದೇಶಗಳು ಸಕಾಲದಲ್ಲಿ ಸಿಗತೊಡಗಿದವು, ಹಡಗುಗಳ ದಾರಿ ಬದಲಿಸಲು ಸಾಧ್ಯವಾಯಿತು.

ಅದೇ ವರ್ಷ ಅಕ್ಟೋಬರಿನಲ್ಲಿ ಕಚೇರಿಗೆ ಜನ ಸಾಲದೆ ಕೆಲಸ ನಿಲ್ಲುವ ಸ್ಥಿತಿ ಬಂತು. ಮೇಲಧಿಕಾರಿಗಳನ್ನು ಕೇಳಿ ಕೇಳಿ ಸಾಕಾಗಿ, ಟ್ಯೂರಿಂಗ್ ಮತ್ತು ಇನ್ನು ಮೂವರು ನೇರವಾಗಿ ಪ್ರಧಾನಿ ಚರ್ಚಿಲ್‌ಗೆ ಪತ್ರ ಬರೆದರು. ಚರ್ಚಿಲ್ ಓದಿ ಸಿಟ್ಟಾಗಲಿಲ್ಲ. ಇವರು ಕೇಳಿದ್ದನ್ನೆಲ್ಲಾ ತಕ್ಷಣ ಕೊಡಬೇಕೆಂದು ಆಜ್ಞೆ ಮಾಡಿದರು.

ಟ್ಯೂರಿಂಗ್ ಅವರ ವಿಚಿತ್ರ ಅಭ್ಯಾಸಗಳ ಕಥೆಗಳು ಬಹಳ ಇವೆ. ಹೂವಿನ ಧೂಳಿಗೆ ಸೀನು ಬರುತ್ತಿದ್ದುದರಿಂದ ಗ್ಯಾಸ್ ಮಾಸ್ಕ್ ಹಾಕಿಕೊಂಡೇ ಸೈಕಲ್ ಹೊಡೆಯುತ್ತಿದ್ದರು. ಚಹಾದ ಕಪ್ಪನ್ನು ಯಾರೂ ಒಯ್ಯದಂತೆ ಸರಪಳಿಯಿಂದ ಕಟ್ಟಿಡುತ್ತಿದ್ದರು. ನನಗೆ ಹೆಚ್ಚು ಇಷ್ಟವಾದದ್ದು ಬೆಳ್ಳಿಯ ಕಥೆ. ಜರ್ಮನಿ ದಾಳಿ ಮಾಡಿದರೆ ಬ್ಯಾಂಕಿನ ಹಣ ಕೈಗೆ ಸಿಗುವುದಿಲ್ಲ ಎಂದು ಅವರು ಬೆಳ್ಳಿಯ ಗಟ್ಟಿಗಳನ್ನು ಕೊಂಡು ಬ್ಲೆಚ್ಲಿ ಹತ್ತಿರ ನೆಲದಲ್ಲಿ ಹೂತರು. ಜಾಗದ ಗುರುತನ್ನು ಗೂಢಲಿಪಿಯಲ್ಲಿ ಬರೆದಿಟ್ಟುಕೊಂಡರು. ಯುದ್ಧ ಮುಗಿದ ಮೇಲೆ ಎಷ್ಟು ಅಗೆದರೂ ಸಿಗಲಿಲ್ಲ. ಇಂದಿಗೂ ಸಿಕ್ಕಿಲ್ಲ. ಕ್ಲೌಡ್‌ನಲ್ಲಿ ಒಂದು ಫೈಲನ್ನು ಒಂದೇ ಜಾಗದಲ್ಲಿ ಇಡುವುದಿಲ್ಲ, ಬೇರೆ ಬೇರೆ ಯಂತ್ರಗಳಲ್ಲಿ ಪ್ರತಿ ಮಾಡಿ ಇಡುತ್ತಾರೆ ಎಂದು ಓದಿದಾಗ ನನಗೆ ಆ ಬೆಳ್ಳಿಯೇ ನೆನಪಾಯಿತು. ಅಬ್ಬಾ ಅವರ ಹಳೆಯ ಫೋನು ನೀರಿಗೆ ಬಿದ್ದು ಹೋದ ದಿನ ಅಂಗಡಿಯ ಬಾಕಿ ಲೆಕ್ಕವೂ ಹೋಯಿತು ಎಂದೇ ಅಮ್ಮಿ ಅಂದುಕೊಂಡಿದ್ದರು. ಹೊಸ ಫೋನಿನಲ್ಲಿ ಲಾಗಿನ್ ಆದ ಕೂಡಲೇ ಎಲ್ಲರ ಬಾಕಿಯೂ ಪೈಸೆ ಸಮೇತ ಬಂತು. ನಾನಿ ಇದನ್ನು ನೋಡಿ, ಲೆಕ್ಕ ಇಷ್ಟು ದಿನ ಬಾದಲ್‌ನಲ್ಲಿ ತೇಲುತ್ತಿತ್ತೇ ಎಂದು ಕೇಳಿದರು. ಇಲ್ಲ, ಅದು ಎಲ್ಲೋ ನೆಲದ ಮೇಲೆ, ಎಸಿ ಹಾಕಿದ ಕಟ್ಟಡದಲ್ಲಿ ಕಬ್ಬಿಣದ ಕಪಾಟಿನೊಳಗೆ ಇತ್ತು ಎಂದೆ. ಎಂಜಿನಿಯರುಗಳು ನೆಟ್‌ವರ್ಕಿನ ಚಿತ್ರದಲ್ಲಿ ನಡುವಿನ ಭಾಗವನ್ನು ಮೋಡದ ಹಾಗೆ ಬರೆಯುತ್ತಿದ್ದರು, ಹೆಸರು ಅಲ್ಲಿಂದ ಬಂದದ್ದು, ಅಷ್ಟೇ.

ಎನಿಗ್ಮಾದಿಂದ ಇನ್ನೊಂದು ಪಾಠವೂ ಇದೆ. ಅಷ್ಟು ಗಟ್ಟಿಯಾದ ಯಂತ್ರ ಸೋತಿದ್ದಕ್ಕೆ ಮನುಷ್ಯರ ಉದಾಸೀನವೂ ಒಂದು ಕಾರಣ. ಕೆಲವರು ದಿನವೂ ಒಂದೇ ರೀತಿ ಹವಾಮಾನ ವರದಿ ಕಳಿಸುತ್ತಿದ್ದರು, ಕೆಲವರು ಸುಲಭವಾಗಿ ಊಹಿಸಬಹುದಾದ ಅಕ್ಷರಗಳನ್ನೇ ಇಡುತ್ತಿದ್ದರು. ಹುಟ್ಟಿದ ದಿನಾಂಕವನ್ನೇ ಪಾಸ್‌ವರ್ಡ್ ಮಾಡಿಕೊಂಡಿರುವ ಗೆಳತಿಯರು ದಯವಿಟ್ಟು ಇದನ್ನು ಎರಡು ಸಲ ಓದಿ. ಕ್ಲೌಡ್‌ನಲ್ಲಿ ಕಟ್ಟಡದ ಕಾವಲು ಕಂಪನಿಯದು, ಪಾಸ್‌ವರ್ಡಿನ ಕಾವಲು ನಮ್ಮದು.

ಟೆಲಿಫೋನ್ ತಂತಿಯ ಆಚೆ

ಯುದ್ಧ ಮುಗಿಯಿತು. ಮಾಡಿದ ಕೆಲಸವನ್ನು ತಾಯಿಗೂ ಹೇಳುವಂತಿರಲಿಲ್ಲ. 1946ರಲ್ಲಿ ಸರ್ಕಾರ ಒಂದು ಪದಕ ಕೊಟ್ಟಿತು, ಏಕೆ ಕೊಟ್ಟಿತು ಎಂದು ಹೇಳಲಿಲ್ಲ. ಬ್ಲೆಚ್ಲಿಯ ಗುಟ್ಟು ಜನಕ್ಕೆ ತಿಳಿದದ್ದು 1970ರ ದಶಕದಲ್ಲಿ.

1945ರಲ್ಲಿ ಟ್ಯೂರಿಂಗ್ ಲಂಡನ್ ಬಳಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ ಸೇರಿ, ಕಾಗದದ ಮೇಲಿದ್ದ ತಮ್ಮ ಯಂತ್ರವನ್ನು ನಿಜವಾಗಿ ಕಟ್ಟಲು ಯೋಜನೆ ಬರೆದರು. ಅದರ ಹೆಸರು ಎಸಿಇ. 1947ರ ಫೆಬ್ರವರಿ 20ರಂದು ಲಂಡನ್ ಮ್ಯಾಥಮ್ಯಾಟಿಕಲ್ ಸೊಸೈಟಿಯಲ್ಲಿ ಅದರ ಬಗ್ಗೆ ಭಾಷಣ ಮಾಡಿದರು. ನನ್ನ ಲೇಖನಕ್ಕೆ ಈ ಭಾಷಣವೇ ಮುಖ್ಯ. ಅದರಲ್ಲಿ ಅವರು ಹೇಳಿದ ಒಂದು ವಿಚಾರದ ಸಾರ ಹೀಗಿದೆ. ಕಂಪ್ಯೂಟರ್ ಇರುವ ಜಾಗಕ್ಕೇ ಎಲ್ಲರೂ ಬರಬೇಕಾಗಿಲ್ಲ. ದೂರದಲ್ಲಿರುವ ಯಂತ್ರವನ್ನು ಟೆಲಿಫೋನ್ ತಂತಿಯ ಮೂಲಕ ನಡೆಸಬಹುದು. ಬಳಸುವವರ ಹತ್ತಿರ ಪ್ರಶ್ನೆ ಕಳಿಸಲು, ಉತ್ತರ ಪಡೆಯಲು ಒಂದು ಸಣ್ಣ ಸಲಕರಣೆ ಇದ್ದರೆ ಸಾಕು, ಅದಕ್ಕೆ ಹೆಚ್ಚೆಂದರೆ ಕೆಲವು ನೂರು ಪೌಂಡ್ ಆಗಬಹುದು.

ಆ ದಿನ ಅವರ ಎಸಿಇ ಕೂಡ ಬರೀ ಕಾಗದದಲ್ಲಿತ್ತು. ಇನ್ನೂ ಕಟ್ಟದ ಯಂತ್ರವನ್ನು ದೂರದಿಂದ ಬಳಸುವುದು ಹೇಗೆ, ಅದಕ್ಕೆ ಖರ್ಚು ಎಷ್ಟು ಎಂದು ಅವರು ಲೆಕ್ಕ ಹಾಕಿದ್ದರು. ದೊಡ್ಡ ಯಂತ್ರ ಎಲ್ಲೋ ಇರಲಿ, ನನ್ನ ಕೈಯಲ್ಲಿ ಅಗ್ಗದ ಸಣ್ಣದೊಂದು ಇದ್ದರೆ ಸಾಕು ಎಂಬುದೇ ಅಲ್ಲವೇ ಇಂದಿನ ಕ್ಲೌಡ್? ಲ್ಯಾಪ್‌ಟಾಪ್ ಇಲ್ಲದೆ ಕಂಪ್ಯೂಟರ್ ಕಲಿಯುವುದು ಆಗದ ಮಾತು ಎಂದು ನನಗೆ ಕೆಲವರು ಹೇಳಿದ್ದಾರೆ. ಅಬ್ಬಾ ಅವರ ಫೋನಿನ ಬ್ರೌಸರಿನಿಂದ ಎಲ್ಲೋ ದೂರದ ಒಂದು ಯಂತ್ರಕ್ಕೆ ಮೊದಲ ಆಜ್ಞೆ ಟೈಪ್ ಮಾಡಿ, ಅದು ಉತ್ತರ ಕೊಟ್ಟಾಗ, 1947ರ ಆ ಭಾಷಣ ನನಗಾಗಿಯೇ ಮಾಡಿದ್ದು ಎನಿಸಿತು.

ಅದೇ ಭಾಷಣದಲ್ಲಿ ಒಂದು ಎಚ್ಚರಿಕೆಯೂ ಇದೆ. ಯಂತ್ರದ ತಜ್ಞರು ತಮ್ಮ ಸ್ಥಾನ ಉಳಿಸಿಕೊಳ್ಳಲು ಕೆಲಸವನ್ನು ರಹಸ್ಯ ಮಾಡಿ, ಅರ್ಥವಾಗದ ದೊಡ್ಡ ಪದಗಳಿಂದ ಮುಚ್ಚಿಡಬಹುದು ಎಂದು ಅವರು ಆಗಲೇ ಊಹಿಸಿದ್ದರು. ಐಎಎಎಸ್, ಪಿಎಎಎಸ್, ಎಸ್‌ಎಎಎಸ್ ಎಂಬ ಮೂರು ಪದಗಳನ್ನು ಮೊದಲ ಸಲ ಓದಿದಾಗ ನನಗೂ ಪುಸ್ತಕ ಮುಚ್ಚಬೇಕೆನಿಸಿತು. ಬಿಡಿಸಿದರೆ ಮದುವೆ ಊಟದಷ್ಟೇ ಸುಲಭ. ಅಡುಗೆಮನೆ, ಒಲೆ, ಡೇಗು ಮಾತ್ರ ಬಾಡಿಗೆಗೆ ತಂದು ಅಕ್ಕಿ, ಮಸಾಲೆ, ಬಾಣಸಿಗ ಎಲ್ಲಾ ನಾವೇ ನೋಡಿಕೊಂಡರೆ ಅದು ಮೊದಲನೆಯದು. ಒಲೆ, ಡೇಗಿನ ಜೊತೆ ಮಸಾಲೆ ಅರೆದು, ಬೆಂಕಿ ಹಚ್ಚಿ ಕೊಟ್ಟು, ಬಿರಿಯಾನಿ ಮಾತ್ರ ನಾವು ಮಾಡಿದರೆ ಎರಡನೆಯದು. ತಯಾರಾದ ಬಿರಿಯಾನಿಯನ್ನೇ ತಂದು ಬಡಿಸಿದರೆ ಮೂರನೆಯದು. ನಾವು ದಿನವೂ ಬಳಸುವ ಇಮೇಲ್ ಆ ಮೂರನೆಯ ಬಗೆ.

ಮ್ಯಾಂಚೆಸ್ಟರ್ ಮತ್ತು ಕೊನೆಯ ವರ್ಷಗಳು

ಎಸಿಇ ಕೆಲಸ ಕಚೇರಿಯ ನಿಧಾನದಲ್ಲಿ ಸಿಕ್ಕಿಕೊಂಡಿತು. ಬೇಸತ್ತ ಟ್ಯೂರಿಂಗ್ ಹೊರಟುಹೋದರು. ಅದರ ಸಣ್ಣ ರೂಪ ಓಡಿದ್ದು 1950ರ ಮೇ ತಿಂಗಳಲ್ಲಿ, ಅವರು ಬಿಟ್ಟ ಮೇಲೆ. ಆ ಬೇಸರದ ದಿನಗಳಲ್ಲಿ ಅವರು ಬಹಳ ಓಡುತ್ತಿದ್ದರು. 1947ರಲ್ಲಿ ಮ್ಯಾರಥಾನ್ ಓಟವನ್ನು 2 ಗಂಟೆ 46 ನಿಮಿಷ 3 ಸೆಕೆಂಡಿನಲ್ಲಿ ಮುಗಿಸಿದರು. ಮರುವರ್ಷದ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರಿಗಿಂತ ಸುಮಾರು 11 ನಿಮಿಷ ಮಾತ್ರ ಹೆಚ್ಚು.

1948ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿನ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವರಿಗಾಗಿ ಕೈಪಿಡಿ ಬರೆದರು. 1950ರಲ್ಲಿ ಯಂತ್ರ ಯೋಚಿಸಬಲ್ಲದೇ ಎಂಬ ಪ್ರಶ್ನೆಯ ಮೇಲೆ ಪ್ರಸಿದ್ಧ ಲೇಖನ ಪ್ರಕಟಿಸಿದರು. ಕೃತಕ ಬುದ್ಧಿಮತ್ತೆಯ ಮಾತು ಬಂದಾಗ ಇಂದಿಗೂ ಅದನ್ನು ನೆನೆಯುತ್ತಾರೆ. 1951ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಪ್ರಾಣಿಗಳ ಮೈಮೇಲಿನ ಪಟ್ಟೆ, ಚುಕ್ಕೆ ಹೇಗೆ ಮೂಡುತ್ತವೆ ಎಂಬುದಕ್ಕೂ ಗಣಿತ ಬರೆದರು.

1952ರಲ್ಲಿ ಅವರ ಮನೆಯಲ್ಲಿ ಕಳ್ಳತನವಾಯಿತು. ದೂರು ಕೊಡಲು ಹೋದವರು ತಾವೇ ಆರೋಪಿಯಾದರು. ಒಬ್ಬ ಪುರುಷನ ಜೊತೆಗಿನ ಸಂಬಂಧ ವಿಚಾರಣೆಯಲ್ಲಿ ಹೊರಬಂತು. ಆಗಿನ ಬ್ರಿಟಿಷ್ ಕಾನೂನಿನಲ್ಲಿ ಅದು ಅಪರಾಧ. ಜೈಲು ಅಥವಾ ಹಾರ್ಮೋನ್ ಚಿಕಿತ್ಸೆ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಯಿತು. ಅವರು ಚಿಕಿತ್ಸೆಯನ್ನು ಒಪ್ಪಿಕೊಂಡರು. ಸರ್ಕಾರದ ಗುಪ್ತ ಕೆಲಸಕ್ಕೆ ಮತ್ತೆ ಸೇರಿಸಿಕೊಳ್ಳಲಿಲ್ಲ. ದೇಶವನ್ನು ಉಪವಾಸದಿಂದ ಕಾಪಾಡಿದವರು ಇವರೇ ಎಂದು ಆ ನ್ಯಾಯಾಲಯದಲ್ಲಿ ಬಿಡಿಸಿ ಹೇಳುವಂತೆಯೂ ಇರಲಿಲ್ಲ, ಎಲ್ಲಾ ಗುಟ್ಟು. 1954ರ ಜೂನ್ 7ರಂದು ಅವರು ತಮ್ಮ ಮನೆಯಲ್ಲಿ ಸೈನೈಡ್ ವಿಷದಿಂದ ತೀರಿಕೊಂಡರು. ವಿಚಾರಣೆ ಅದನ್ನು ಆತ್ಮಹತ್ಯೆ ಎಂದಿತು. ಅದು ಪ್ರಯೋಗ ಮಾಡುವಾಗ ನಡೆದ ಆಕಸ್ಮಿಕ ಎಂದು ತಾಯಿ ಕೊನೆಯವರೆಗೂ ನಂಬಿದರು. 42 ತುಂಬಲು 16 ದಿನ ಬಾಕಿ ಇತ್ತು.

2009ರಲ್ಲಿ ಬ್ರಿಟನ್ ಪ್ರಧಾನಿ ಗಾರ್ಡನ್ ಬ್ರೌನ್ ಕ್ಷಮೆ ಕೇಳಿದರು. 2013ರಲ್ಲಿ ರಾಣಿಯಿಂದ ಕ್ಷಮಾದಾನ ಬಂತು. 2021ರ ಜೂನ್ 23ರಂದು, ಅವರ ಹುಟ್ಟಿದ ದಿನವೇ, ಅವರ ಚಿತ್ರವಿರುವ 50 ಪೌಂಡ್ ನೋಟು ಹೊರಬಂತು. ನೋಟಿನ ಮೇಲೆ ಚಿತ್ರ ಬರುವುದು ದೊಡ್ಡ ಗೌರವವೇ. ಆದರೆ ಆ ಹೊತ್ತಿಗೆ ಅವರು ಸತ್ತು 67 ವರ್ಷವಾಗಿತ್ತು. ಗೌರವವನ್ನು ಮನುಷ್ಯ ಬದುಕಿರುವಾಗ ಕೊಡಬೇಕು ಎಂದು ಇದನ್ನು ಬರೆಯುವಾಗ ನನಗೆ ಬಹಳ ಅನಿಸಿತು.

ಅಲ್ಲಿಂದ ನಮ್ಮವರೆಗೆ

ಟ್ಯೂರಿಂಗ್ ಹೇಳಿದ್ದನ್ನು ಬೇರೆಯವರು ಮುಂದುವರಿಸಿದರು. 1961ರಲ್ಲಿ ಜಾನ್ ಮೆಕಾರ್ಥಿ ಎಂಬ ವಿಜ್ಞಾನಿ, ಮುಂದೆ ಕಂಪ್ಯೂಟರ್ ಶಕ್ತಿಯನ್ನು ಟೆಲಿಫೋನ್ ಸೇವೆಯಂತೆ ಮಾರಬಹುದು ಎಂದು ಅಮೆರಿಕದ ಎಂಐಟಿಯಲ್ಲಿ ಮಾತಾಡಿದರು. ಅಲ್ಲಿಯೇ ಫರ್ನಾಂಡೊ ಕಾರ್ಬಾಟೊ ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆ ತೋರಿಸಿದರು. 1960ರ ದಶಕದ ಕೊನೆಗೆ ಐಬಿಎಂ ವರ್ಚುವಲ್ ಮಷೀನ್ ಓಡಿಸಿತು. 2006ರಲ್ಲಿ ಅಮೆಜಾನ್ ಮೊದಲು ಸಂಗ್ರಹಣೆ, ಆಮೇಲೆ ಕಂಪ್ಯೂಟರುಗಳನ್ನೇ ಬಾಡಿಗೆಗೆ ಕೊಟ್ಟಿತು. ಕಂಪ್ಯೂಟರ್ ವಿಜ್ಞಾನದ ಅತ್ಯಂತ ದೊಡ್ಡ ಪ್ರಶಸ್ತಿಯನ್ನು 1966ರಿಂದ ಟ್ಯೂರಿಂಗ್ ಹೆಸರಿನಲ್ಲೇ ಕೊಡುತ್ತಿದ್ದಾರೆ. ಮೆಕಾರ್ಥಿ, ಕಾರ್ಬಾಟೊ ಇಬ್ಬರಿಗೂ ಅದು ಸಿಕ್ಕಿದೆ. ಆಂಧ್ರದಲ್ಲಿ ಹುಟ್ಟಿದ ರಾಜ್ ರೆಡ್ಡಿ ಅವರಿಗೆ 1994ರಲ್ಲಿ ಸಿಕ್ಕಿತು.

ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2011ರಲ್ಲಿ ಕ್ಲೌಡ್‌ಗೆ ಐದು ಲಕ್ಷಣ ಹೇಳಿದೆ. ಬೇಕೆಂದಾಗ ನಾವೇ ತೆಗೆದುಕೊಳ್ಳಬಹುದು. ನೆಟ್‌ವರ್ಕ್ ಮೂಲಕ ಯಾವ ಸಾಧನದಿಂದಲೂ ಬಳಸಬಹುದು. ಒಂದೇ ಯಂತ್ರರಾಶಿಯನ್ನು ಹಲವರು ಹಂಚಿಕೊಳ್ಳುತ್ತಾರೆ. ಬೇಕಾದಂತೆ ಬೇಗ ಹಿಗ್ಗುತ್ತದೆ, ಕುಗ್ಗುತ್ತದೆ. ಬಳಸಿದ್ದನ್ನು ಮೀಟರಿನ ಹಾಗೆ ಅಳೆಯುತ್ತಾರೆ. ನಾಲ್ಕನೆಯದಕ್ಕೆ ಪಿಯುಸಿ ಫಲಿತಾಂಶದ ದಿನವನ್ನು ನೆನೆಸಿಕೊಳ್ಳಿ. ಒಂದೇ ಗಂಟೆಯಲ್ಲಿ ಲಕ್ಷಾಂತರ ಜನ ಒಂದೇ ವೆಬ್‌ಸೈಟ್ ನೋಡುತ್ತಾರೆ, ಮರುವಾರ ಅದರ ಕಡೆ ಯಾರೂ ಸುಳಿಯುವುದಿಲ್ಲ. ಆ ಒಂದು ದಿನಕ್ಕಾಗಿ ನೂರು ಸರ್ವರ್ ಕೊಂಡಿಟ್ಟರೆ ವರ್ಷವಿಡೀ ಸವಕಳಿ ಬರೆಯುತ್ತಾ ಕೂರಬೇಕು. ಬಾಡಿಗೆಗೆ ತೆಗೆದುಕೊಂಡರೆ ಆ ದಿನದ ಬಿಲ್ಲು ಕಟ್ಟಿದರೆ ಆಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕ್ಯಾಪಿಟಲ್ ವೆಚ್ಚ ಹೋಗಿ ರೆವಿನ್ಯೂ ವೆಚ್ಚ ಬಂತು. ಇಲ್ಲಿ ಕಾಮರ್ಸ್‌ನವರಿಗೆ ಕೆಲಸವಿದೆ. ಯಾವ ಯಂತ್ರ ಸುಮ್ಮನೆ ಓಡುತ್ತಿದೆ, ಬಿಲ್ಲು ಎಲ್ಲಿ ಸೋರುತ್ತಿದೆ ಎಂದು ನೋಡಲು ಲೆಕ್ಕ ಬಲ್ಲವರೂ ಬೇಕು.

ಕಲಿಯಲು ಬಯಸುವವರಿಗೆ ನಾನು ನಡೆದ ದಾರಿ ಹೇಳುತ್ತೇನೆ. ಮೊದಲು ಸರ್ವರ್, ನೆಟ್‌ವರ್ಕ್ ಎಂದರೇನು ಎಂದು ತಿಳಿಯಿರಿ. ಆಮೇಲೆ ಲಿನಕ್ಸ್‌ನ ಹತ್ತು ಆಜ್ಞೆಗಳು. ನಂತರ ವರ್ಚುವಲ್ ಮಷೀನ್, ಸಂಗ್ರಹಣೆ, ಭದ್ರತೆ, ಬಿಲ್ಲು. ಎನ್‌ಪಿಟಿಇಎಲ್‌ನಲ್ಲಿ ಪಾಠಗಳು ಉಚಿತವಾಗಿವೆ. ಉಚಿತ ಖಾತೆ ತೆರೆಯುವಾಗ ಕಾರ್ಡ್ ಕೇಳಿದರೆ ಮನೆಯ ಹಿರಿಯರನ್ನು ಕೇಳಿ, ಖರ್ಚಿನ ಎಚ್ಚರಿಕೆಯ ಮಿತಿಯನ್ನು ಮೊದಲ ದಿನವೇ ಹಾಕಿ, ಕೆಲಸ ಮುಗಿದ ಕೂಡಲೇ ಯಂತ್ರ ನಿಲ್ಲಿಸಿ. ದಿನಕ್ಕೆ ಅರ್ಧ ಗಂಟೆ ಸಾಕು. ನಾನು ಇಷಾ ನಮಾಜ್ ಆದ ಮೇಲೆ, ಅಂಗಡಿಯಿಂದ ಅಬ್ಬಾ ಬಂದು ಫೋನು ಕೊಟ್ಟ ಮೇಲೆ ಓದುತ್ತೇನೆ.

ನಮ್ಮ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಡಿಜಿಲಾಕರ್‌ನಲ್ಲಿದೆ, ನಮ್ಮ ಅಂಗಡಿಗಳ ಬಾಕಿ ಆ್ಯಪ್‌ನಲ್ಲಿದೆ. ದಿನವೂ ಬಳಸುವ ವಸ್ತು ಹೇಗೆ ನಡೆಯುತ್ತದೆ ಎಂದು ತಿಳಿದುಕೊಳ್ಳುವುದು ಸೈನ್ಸ್‌ನವರಿಗೆ ಮಾತ್ರ ಸೇರಿದ್ದಲ್ಲ. ಅಕ್ಷರ ಕೆಟ್ಟದು ಎಂದು ಬೈಸಿಕೊಂಡ ಒಬ್ಬ ಹುಡುಗ ಚೌಕದ ಪುಸ್ತಕದಲ್ಲಿ ಲೆಕ್ಕ ಮಾಡುವ ಗುಮಾಸ್ತನನ್ನು ನೋಡಿಯೇ ಇದನ್ನೆಲ್ಲಾ ಶುರು ಮಾಡಿದ. ಆ ಗುಮಾಸ್ತನ ಪುಸ್ತಕ ನಮ್ಮದು, ಗೆಳೆಯರೇ. ಕಲಿಯೋಣ ಬನ್ನಿ.